ಶನಿವಾರದ ಜಾತ್ರೆಗೆ 240 ಮೈಲಿ

ಅಕ್ಟೋಬರ್ ತಿಂಗಳ ಒಂದು ಶನಿವಾರ. ಬೆಳಗಿನ ಆರು ಗಂಟೆಗೆ ಶಿಕಾಗೊ ನಗರದಲ್ಲಿ ಇನ್ನೂ ಕತ್ತಲೆ. ಆದರೆ ಪೂರ್ವಕ್ಕೆ ಹೊರಟ ಹೆದ್ದಾರಿಯಲ್ಲಿ ಆಗಲೇ ಕೆಲವು ಕಾರುಗಳ ಕಿಟಕಿಗೆ ಪುಟ್ಟ ಬಾವುಟ ಸಿಕ್ಕಿಸಿರುವುದು ಕಾಣುತ್ತದೆ. ನೀಲಿ ಬಟ್ಟೆಯ ಮೇಲೆ ಮುಸುಕಿನ ಜೋಳದ ಹಳದಿ ಬಣ್ಣದಲ್ಲಿ ‘ಎಂ’ ಎಂಬ ಒಂದೇ ಅಕ್ಷರ. ಗಾಳಿಗೆ ಪಟಪಟನೆ ಬಡಿದುಕೊಳ್ಳುವ ಈ ಬಾವುಟ ಯಾವ ಪಕ್ಷದ್ದೂ ಅಲ್ಲ, ಯಾವ ದೇಶದ್ದೂ ಅಲ್ಲ, ಒಂದು ಕಾಲೇಜಿನದು. ಕಾರಿನೊಳಗೆ ಕುಳಿತವರಲ್ಲಿ ಕೆಲವರು ಆ ಕಾಲೇಜು ಬಿಟ್ಟು ಮೂವತ್ತು ನಲವತ್ತು ವರ್ಷಗಳಾಗಿರುತ್ತವೆ. ಕೆಲವರು ಅಲ್ಲಿ ಓದಿದವರೇ ಅಲ್ಲ. ಕೆಲವರ ಮಗನೋ ಮಗಳೋ ಈ ವರ್ಷ ತಾನೇ ಅಲ್ಲಿಗೆ ಸೇರಿರುತ್ತಾರೆ. ಎಲ್ಲರೂ ಹೊರಟಿರುವುದು 240 ಮೈಲಿ, ಅಂದರೆ ಸುಮಾರು 385 ಕಿಲೋಮೀಟರ್ ದೂರದ ಆನ್ ಆರ್ಬರ್ ಎಂಬ ಊರಿಗೆ. ಅಲ್ಲಿ ಸಂಜೆ ಮಿಶಿಗನ್ ವಿಶ್ವವಿದ್ಯಾಲಯದ ಹುಡುಗರ ಫುಟ್‌ಬಾಲ್ ಪಂದ್ಯ.

ಪಂದ್ಯ ನೋಡಲು ಸೇರುವವರು ಒಂದು ಲಕ್ಷಕ್ಕೂ ಹೆಚ್ಚು. 2020ರ ಜನಗಣತಿಯಂತೆ ಆನ್ ಆರ್ಬರಿನ ಜನಸಂಖ್ಯೆ 1,23,851. ಹೆಚ್ಚುಕಡಿಮೆ ಇಡೀ ಊರಿಗೆ ಸಮನಾದ ಜನ ಒಂದೇ ಕಡೆ ಕುಳಿತು, ಮೂರೂವರೆ ಗಂಟೆ ಕಾಲ, ಹದಿನೆಂಟು ಇಪ್ಪತ್ತರ ವಿದ್ಯಾರ್ಥಿಗಳ ಆಟ ನೋಡುತ್ತಾರೆ. ಮಕ್ಕಳನ್ನು ಅಲ್ಲಿ ಓದಿಸುವ, ಓದಿಸಬೇಕೆಂದು ಹಣ ಹೊಂದಿಸುತ್ತಿರುವ ತಂದೆತಾಯಿಗಳಿಗೆ ಇದೊಂದು ಒಗಟು. ಓದಲು ಕಳಿಸಿದ ಕಡೆ ಇದೆಂಥ ಜಾತ್ರೆ? ಒಗಟಿನ ಅರ್ಧ ಉತ್ತರ ಕ್ರೀಡಾಂಗಣದಲ್ಲಿದೆ. ಉಳಿದರ್ಧ ಅಲ್ಲಿಗೆ ಹೋಗುವ ದಾರಿಯಲ್ಲಿದೆ.

ಹೊರಡುವ ಊರಿನಲ್ಲೇ ಒಂದು ತದ್ವಿರುದ್ಧ ಉದಾಹರಣೆ ಉಂಟು. ಶಿಕಾಗೊದ ದಕ್ಷಿಣ ಭಾಗದಲ್ಲಿರುವ ಶಿಕಾಗೊ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಫುಟ್‌ಬಾಲಿನ ದೊಡ್ಡ ಹೆಸರು. ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ 1935ರಲ್ಲಿ ಮೊದಲ ಸಲ ಸಂದದ್ದು ಇಲ್ಲಿನ ವಿದ್ಯಾರ್ಥಿ ಜೇ ಬರ್ವಾಂಗರ್‌ಗೆ. ಆದರೆ ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸ್ ಅವರಿಗೆ ವಿದ್ಯೆಯ ಮನೆಗೆ ಈ ಆಟದ ಅಬ್ಬರ ಸಲ್ಲದು ಎನಿಸಿತು. 1939ರಲ್ಲಿ ತಂಡವನ್ನೇ ಮುಚ್ಚಿಬಿಟ್ಟರು. ಬರಿದಾದ ಆ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರ್ 2ರಂದು ವಿಜ್ಞಾನಿ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಣಿ ಕ್ರಿಯೆ ನಡೆಸಿದರು. ಇಂದು ಆ ಜಾಗದಲ್ಲಿರುವುದು ದೊಡ್ಡದೊಂದು ಗ್ರಂಥಾಲಯ. 1969ರಲ್ಲಿ ಫುಟ್‌ಬಾಲ್ ಮರಳಿ ಬಂತಾದರೂ ಹಳೆಯ ವೈಭವ ಬರಲಿಲ್ಲ; ಬರಲೆಂದು ಯಾರೂ ಬಯಸಿದಂತೆಯೂ ಇಲ್ಲ.

ಹೀಗೆ ಕೈಬಿಟ್ಟ ಊರಿನಿಂದ ಹಿಡಿದುಕೊಂಡ ಊರಿಗೆ ಈ ಪ್ರಯಾಣ.

ಹಣ್ಣಿನ ತೋಟಗಳ ನಡುವೆ

94ನೇ ಅಂತರರಾಜ್ಯ ಹೆದ್ದಾರಿ ಶಿಕಾಗೊ ದಾಟುತ್ತಲೇ ಇಂಡಿಯಾನಾ ರಾಜ್ಯವನ್ನು ಹೊಗುತ್ತದೆ. ಉಕ್ಕಿನ ಕಾರ್ಖಾನೆಗಳ ಚಿಮಣಿಗಳು, ಸರಕು ರೈಲಿನ ಹಳಿಗಳು. ಗ್ಯಾರಿ ಎಂಬ ಊರನ್ನು 1906ರಲ್ಲಿ ಉಕ್ಕಿನ ಕಂಪನಿಯೇ ತನ್ನ ಕಾರ್ಖಾನೆಗಾಗಿ ಕಟ್ಟಿತು. ಗಾಯಕ ಮೈಕೆಲ್ ಜ್ಯಾಕ್ಸನ್ 1958ರಲ್ಲಿ ಹುಟ್ಟಿದ್ದು ಇಲ್ಲಿಯ ಒಬ್ಬ ಉಕ್ಕಿನ ಕಾರ್ಮಿಕನ ಮನೆಯಲ್ಲಿ. ಕಾರ್ಖಾನೆಗಳ ಮಗ್ಗುಲಲ್ಲೇ ಮಿಶಿಗನ್ ಸರೋವರದ ದಂಡೆಯ ಮರಳು ದಿಬ್ಬಗಳಿವೆ. 2019ರಲ್ಲಿ ಅದಕ್ಕೆ ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿತು. ಪಂದ್ಯಕ್ಕೆ ಹೊರಟವರು ಇಲ್ಲಿ ಇಳಿಯುವುದು ಕಡಿಮೆ.

ಒಂದು ಗಂಟೆಯೊಳಗೆ ಮಿಶಿಗನ್ ರಾಜ್ಯದ ಗಡಿ. ಗಡಿ ದಾಟಿದೊಡನೆ ಗಡಿಯಾರದ ಮುಳ್ಳು ಒಂದು ಗಂಟೆ ಮುಂದಕ್ಕೆ. ಶಿಕಾಗೊದ್ದು ಮಧ್ಯ ವಲಯದ ಸಮಯ, ಆನ್ ಆರ್ಬರಿನದು ಪೂರ್ವ ವಲಯದ್ದು. ಇದನ್ನು ಮರೆತು ಹೊರಟವರು ಪಂದ್ಯದ ಮೊದಲ ಭಾಗವನ್ನು ಕಾರಿನ ರೇಡಿಯೊದಲ್ಲೇ ಕೇಳಬೇಕಾಗುತ್ತದೆ. ಇನ್ನೊಂದು ಅನುಕೂಲವೂ ಇಲ್ಲಿಂದಲೇ ಶುರು. ಹೆದ್ದಾರಿಯಿಂದ ಹೊರಬರುವ ಎಕ್ಸಿಟ್‌ಗಳ ಸಂಖ್ಯೆ ಗಡಿಯಿಂದ ಎಣಿಸಿದ ಮೈಲಿ. ಕ್ರೀಡಾಂಗಣಕ್ಕೆ ತಿರುಗುವ ಎಕ್ಸಿಟ್ 175. ಹಿಂದಿನ ಸೀಟಿನ ಮಕ್ಕಳಿಗೆ ‘ಇನ್ನೆಷ್ಟು ದೂರ’ ಎಂದು ಕೇಳುವ ಕೆಲಸವಿಲ್ಲ. ಫಲಕ ನೋಡಿ ಕಳೆಯುವ ಲೆಕ್ಕ ಮಾಡಿದರಾಯಿತು.

ಮೊದಲ ಐವತ್ತು ಮೈಲಿ ಹಣ್ಣಿನ ಸೀಮೆ. ಸೇಬು, ದ್ರಾಕ್ಷಿ, ಪೀಚ್, ಬ್ಲೂಬೆರಿ. ಇಷ್ಟು ಉತ್ತರಕ್ಕೆ ಇಂಥ ತೋಟಗಳು ಉಳಿಯಲು ಸರೋವರವೇ ಕಾರಣ. ವಸಂತದಲ್ಲಿ ಸರೋವರದ ಮೇಲಿಂದ ಬೀಸುವ ತಣ್ಣನೆಯ ಗಾಳಿ ಮರಗಳು ಅವಸರಪಟ್ಟು ಹೂ ಬಿಡದಂತೆ ತಡೆಯುತ್ತದೆ. ಅಷ್ಟರಲ್ಲಿ ಹಿಮ ಬೀಳುವ ರಾತ್ರಿಗಳು ಮುಗಿದಿರುತ್ತವೆ. ಚಳಿಗಾಲಕ್ಕೆ ಮೊದಲು ಅದೇ ಸರೋವರ ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡು ದಂಡೆಯನ್ನು ಬೆಚ್ಚಗಿಡುತ್ತದೆ. ಅಕ್ಟೋಬರಿನಲ್ಲಿ ಮೇಪಲ್ ಮರಗಳು ಕೆಂಪು, ಕೇಸರಿ, ಹಳದಿಗೆ ತಿರುಗಿರುತ್ತವೆ. ದಾರಿ ಬದಿಯ ತೋಟದ ಅಂಗಡಿಗಳಲ್ಲಿ ಸೈಡರ್ ಎಂಬ ಸೋಸದ ಸೇಬಿನ ರಸ, ಜೊತೆಗೆ ಬಿಸಿ ಡೋನಟ್. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಮದ್ಯ. ಇಲ್ಲಿಯದು ಮಕ್ಕಳೂ ಕುಡಿಯುವ ಹಣ್ಣಿನ ರಸ.

ಎಕ್ಸಿಟ್ ಸಂಖ್ಯೆ ಎಪ್ಪತ್ತು ದಾಟಿದರೆ ಕಲಮಜೂ. ಹೆಸರೇ ನಗು ತರಿಸುವಂಥದು. ಆದರೆ ಓದುವ ಮಕ್ಕಳಿರುವ ಮನೆಯವರು ಈ ಊರಿನ ಬಗ್ಗೆ ತಿಳಿಯಲೇಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು 1874ರದು. ಊರಿನ ತೆರಿಗೆ ಹಣದಿಂದ ಪ್ರೌಢಶಾಲೆ ನಡೆಸುವುದನ್ನು ಕೆಲವು ಶ್ರೀಮಂತರು ವಿರೋಧಿಸಿ ನ್ಯಾಯಾಲಯಕ್ಕೆ ಹೋದರು. ಅವರ ಮುಂದಾಳು ಚಾರ್ಲ್ಸ್ ಸ್ಟುವರ್ಟ್, ಸೆನೆಟ್ ಸದಸ್ಯರಾಗಿದ್ದವರು. ಓದು ಬರಹ ಲೆಕ್ಕ ಕಲಿಸುವುದು ಸರಿ. ಅದಕ್ಕೂ ಮೇಲಿನ ಓದು ಬೇಕಾದವರು ತಮ್ಮ ದುಡ್ಡಿನಲ್ಲಿ ಓದಿಕೊಳ್ಳಲಿ ಎಂಬುದು ಅವರ ವಾದದ ಸಾರ. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಥಾಮಸ್ ಕೂಲಿ, ಆನ್ ಆರ್ಬರಿನ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದವರು. ಪ್ರಾಥಮಿಕ ಶಾಲೆಗೂ ವಿಶ್ವವಿದ್ಯಾಲಯಕ್ಕೂ ರಾಜ್ಯವೇ ಹಣ ಕೊಡುವಾಗ ನಡುವಿನ ಮೆಟ್ಟಿಲನ್ನು ಮಾತ್ರ ಹಣವಂತರಿಗೆ ಬಿಡುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ತರ್ಕದ ತಿರುಳು. ಅಮೆರಿಕದ ಬೇರೆ ರಾಜ್ಯಗಳೂ ಈ ತೀರ್ಪನ್ನು ಮಾದರಿಯಾಗಿ ಹಿಡಿದವು.

ಎರಡನೆಯದು 2005ರ ನವೆಂಬರಿನದು. ಹೆಸರು ಹೇಳಲು ಒಪ್ಪದ ದಾನಿಗಳ ಗುಂಪೊಂದು ಒಂದು ಮಾತು ಕೊಟ್ಟಿತು: ಕಲಮಜೂ ಸರ್ಕಾರಿ ಶಾಲೆಗಳಲ್ಲಿ ಓದಿ ಮುಗಿಸಿದ ಮಕ್ಕಳು ರಾಜ್ಯದ ಯಾವ ಸಾರ್ವಜನಿಕ ಕಾಲೇಜಿಗೆ ಸೇರಿದರೂ ಬೋಧನಾ ಶುಲ್ಕವನ್ನು ತಾವು ಕಟ್ಟುತ್ತೇವೆ ಎಂದು. ಇಷ್ಟು ಅಂಕ ಬರಬೇಕೆಂಬ ಷರತ್ತಿಲ್ಲ. ಮನೆಯ ಆದಾಯ ಕೇಳುವುದಿಲ್ಲ. ಶಿಶುವಿಹಾರದಿಂದಲೇ ಅಲ್ಲಿ ಓದಿದವರಿಗೆ ಪೂರ್ಣ ಶುಲ್ಕ. ಒಂಬತ್ತನೇ ತರಗತಿಗೆ ಬಂದು ಸೇರಿದವರಿಗೆ ನೂರಕ್ಕೆ 65ರಷ್ಟು. ಅಮೆರಿಕದಲ್ಲಿ ಕಾಲೇಜು ಶುಲ್ಕ ಎಂದರೆ ಏನೆಂದು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಸಂಜೆ ಪಂದ್ಯ ನಡೆಯುವ ಮಿಶಿಗನ್ ವಿಶ್ವವಿದ್ಯಾಲಯದಲ್ಲೇ ಹೊರ ರಾಜ್ಯದಿಂದ ಬಂದ ಪದವಿ ವಿದ್ಯಾರ್ಥಿಯ ಶುಲ್ಕ ವರ್ಷಕ್ಕೆ 60 ಸಾವಿರ ಡಾಲರ್ ಮೀರುತ್ತದೆ. ರಾಜ್ಯದ ಮಕ್ಕಳಿಗೆ ಅದರ ಮೂರನೇ ಒಂದು ಭಾಗದಷ್ಟೂ ಇಲ್ಲ. ಕಡಿಮೆ ಆದಾಯದ ಮನೆಯವರಿಗೆ 2018ರಿಂದ ಬೋಧನಾ ಶುಲ್ಕವೇ ಇಲ್ಲ. ಗಡಿಯ ಈಚೆ ಆಚೆ ಎಂಬುದಕ್ಕೆ ಇಷ್ಟು ಬೆಲೆ!

ಮುಂದಿನ ಊರು ಬ್ಯಾಟಲ್ ಕ್ರೀಕ್. ಬೆಳಗಿನ ತಟ್ಟೆಗೆ ಬೀಳುವ ಕೆಲಾಗ್ ಕಾರ್ನ್ ಫ್ಲೇಕ್ಸ್ ಹುಟ್ಟಿದ ಸ್ಥಳ. ಮಕ್ಕಳಿಗೆ ಇಷ್ಟು ಹೇಳಿ ಮುಂದೆ ಸಾಗಬಹುದು.

ಓಕ್ ಮರದ ಕೆಳಗಿನ ಮಾತು

ಇಳಿಯಬೇಕಾದದ್ದು 110ನೇ ಎಕ್ಸಿಟ್‌ನಲ್ಲಿ. ಊರು ಮಾರ್ಷಲ್. ಹತ್ತೊಂಬತ್ತನೇ ಶತಮಾನದ ಮನೆಗಳನ್ನು ಜೋಪಾನವಾಗಿ ಉಳಿಸಿಕೊಂಡಿರುವ ಸಣ್ಣ ಪಟ್ಟಣ. ರಾಜಧಾನಿಯಾಗುವ ಆಸೆ ಹೊತ್ತಿದ್ದು, ಆಗದೆ ಉಳಿದ ಊರು. ಆದರೆ ಈ ಸೀಮೆಯ ಶಿಕ್ಷಣದ ಬೇರು ಇರುವುದು ಇಲ್ಲಿ. 1830ರ ದಶಕದಲ್ಲಿ, ಮಿಶಿಗನ್ ಇನ್ನೂ ರಾಜ್ಯವಾಗುವ ಮೊದಲು, ಜಾನ್ ಪಿಯರ್ಸ್ ಎಂಬ ಪಾದ್ರಿ ಮತ್ತು ಐಸಾಕ್ ಕ್ರೇರಿ ಎಂಬ ವಕೀಲ ಇಲ್ಲಿ ನೆರೆಹೊರೆಯವರು. ಒಂದು ಓಕ್ ಮರದ ಕೆಳಗೆ ಕುಳಿತು ಇವರಿಬ್ಬರೂ ಹೊಸ ರಾಜ್ಯದ ಶಾಲೆಗಳು ಹೇಗಿರಬೇಕೆಂದು ಚರ್ಚಿಸಿದರು ಎಂಬುದು ಊರಿನ ಹೆಮ್ಮೆಯ ಕಥೆ. ಪ್ರಷ್ಯಾ ದೇಶದ ಶಾಲೆಗಳ ಕುರಿತ ಒಂದು ವರದಿಯನ್ನು ಅವರು ಓದಿಕೊಂಡಿದ್ದರು.

ಆಗ ಪ್ರತಿ ಟೌನ್‌ಷಿಪ್ಪಿನ 36 ಭಾಗಗಳಲ್ಲಿ 16ನೆಯ ಭಾಗವನ್ನು ಶಾಲೆಗೆಂದು ಮೀಸಲಿಡುವ ಪದ್ಧತಿಯಿತ್ತು. ದೇವಸ್ಥಾನಕ್ಕೆ ಉಂಬಳಿ ಬಿಟ್ಟಂತೆ. ಜೌಗಿನ ಜಾಗ ಬಂದ ಊರಿಗೆ ಏನೂ ಹುಟ್ಟುತ್ತಿರಲಿಲ್ಲ. ಒಳ್ಳೆಯ ನೆಲ ಬಂದ ಊರಿಗೆ ಸುಗ್ಗಿ. ಈ ಭೂಮಿಯೆಲ್ಲ ರಾಜ್ಯದ ಕೈಗೆ ಬರಲಿ, ಅದರ ಹಣ ಒಂದೇ ನಿಧಿಯಾಗಿ ಎಲ್ಲ ಊರಿನ ಶಾಲೆಗಳಿಗೂ ಹಂಚಿಕೆಯಾಗಲಿ ಎಂಬುದು ಪಿಯರ್ಸ್ ಮತ್ತು ಕ್ರೇರಿಯವರ ಯೋಜನೆ. ಅದು ಸಂವಿಧಾನಕ್ಕೆ ಸೇರಿತು. ಕೆಳಗಿನ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಅಧಿಕಾರಿಯಾಗಿ 1836ರಲ್ಲಿ ಪಿಯರ್ಸ್ ನೇಮಕಗೊಂಡರು. ಮರು ವರ್ಷ ಮಿಶಿಗನ್ ರಾಜ್ಯವಾಯಿತು. 1817ರಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಥಾಪನೆಯಾಗಿದ್ದ ವಿಶ್ವವಿದ್ಯಾಲಯ ಆನ್ ಆರ್ಬರಿಗೆ ಬಂತು.

ಇದೇ ಮಾರ್ಷಲ್‌ನಲ್ಲಿ 1847ರ ಜನವರಿಯ ಒಂದು ನಸುಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಕೆಂಟಕಿಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನೆಲೆಸಿದ್ದ ಆಡಮ್ ಕ್ರಾಸ್‌ವೈಟ್ ಕುಟುಂಬವನ್ನು ಹಿಡಿದೊಯ್ಯಲು ಅಲ್ಲಿಂದ ಜನ ಬಂದರು. ಊರಿನ ಕರಿಯರು ಬಿಳಿಯರು ಒಟ್ಟಾಗಿ ಅಡ್ಡ ನಿಂತರು. ಕುಟುಂಬ ಕೆನಡಾ ಸೇರಿತು.

ಈಗ ಒಗಟಿನ ಅರ್ಧ ಬಿಡಿಸಿದಂತಾಯಿತು. ಕಾಲೇಜಿನ ಮೆಟ್ಟಿಲು ಹತ್ತದ ಲಾರಿ ಚಾಲಕನೂ ‘ನಮ್ಮ ಮಿಶಿಗನ್’ ಎಂದು ಟೋಪಿ ಹಾಕಿಕೊಳ್ಳುವುದು ಬರಿಯ ಆಟದ ಹುಚ್ಚಲ್ಲ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಅವರ ನೆಲದ, ಅವರ ತೆರಿಗೆಯ ಪಾಲು ಅದರಲ್ಲಿದೆ. ಓದಿನ ಫಲ ಎಲ್ಲರ ಮನೆಗೂ ಸಮನಾಗಿ ಬರಲಿಲ್ಲ ನಿಜ. ಶನಿವಾರದ ಆಟ ಮಾತ್ರ ಎಲ್ಲರಿಗೂ ಬಂತು.

ಮಾರ್ಷಲ್ ಬಿಟ್ಟರೆ ಆಲ್ಬಿಯನ್, ಅಲ್ಲೊಂದು ಹಳೆಯ ಕಾಲೇಜು. ಆಮೇಲೆ ಜ್ಯಾಕ್ಸನ್. ಹೆದ್ದಾರಿಯಿಂದ ತುಸು ಒಳಗೆ ಡೆಕ್ಸ್‌ಟರ್ ಎಂಬ ಹಳ್ಳಿಯಲ್ಲಿ 1886ರಿಂದ ಸೇಬಿನ ರಸ ತೆಗೆಯುವ ಗಾಣವೊಂದಿದೆ. ಸಮಯವಿದ್ದವರು ಇಲ್ಲಿ ನಿಲ್ಲುತ್ತಾರೆ. ಸಂಜೆಯ ಪಂದ್ಯವಾದ್ದರಿಂದ ಸಮಯ ಇದ್ದೇ ಇರುತ್ತದೆ. ಆಟ ಮಧ್ಯಾಹ್ನವೋ ಸಂಜೆಯೋ ಎಂದು ಗೊತ್ತು ಮಾಡುವವರು ಕಾಲೇಜಿನವರಲ್ಲ, ಟಿವಿಯವರು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನೆಲದೊಳಗಿನ ಬೋಗುಣಿ

ಮೂರು ಗಂಟೆಯ ಹೊತ್ತಿಗೆ ಆನ್ ಆರ್ಬರಿನ ದಕ್ಷಿಣ ಭಾಗ ಊರಲ್ಲ, ಬಿಡಾರ. ಮನೆಗಳ ಮುಂದಿನ ಹುಲ್ಲುಹಾಸಿನಲ್ಲಿ ಕಾರುಗಳು. ಮನೆಯವರು ಕೈಯಲ್ಲಿ ರಟ್ಟಿನ ಫಲಕ ಹಿಡಿದು ನಿಂತು ನಿಲುಗಡೆಗೆ ಇಷ್ಟು ಡಾಲರ್ ಎಂದು ಕೂಗುತ್ತಾರೆ. ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೂ ಆ ದಿನ ನಿಲುಗಡೆಯ ಜಾಗ. ಕ್ರೀಡಾಂಗಣದ ಎದುರಿಗಿರುವ ಪಯನಿಯರ್ ಸರ್ಕಾರಿ ಪ್ರೌಢಶಾಲೆಯೂ ತನ್ನ ಅಂಗಳವನ್ನು ಬಾಡಿಗೆಗೆ ಬಿಡುತ್ತದೆ. ಕಾರಿನ ಡಿಕ್ಕಿ ತೆರೆದು, ಮಡಚುವ ಮೇಜು ಹಾಕಿ, ಇದ್ದಿಲ ಒಲೆ ಹೊತ್ತಿಸಿ ಊಟ. ಇದಕ್ಕೆ ಟೇಲ್‌ಗೇಟಿಂಗ್ ಎನ್ನುತ್ತಾರೆ. ಪರಿಚಯವಿಲ್ಲದವರನ್ನೂ ಕರೆದು ತಟ್ಟೆ ಕೊಡುವುದು ವಾಡಿಕೆ. ಮಾಂಸ ತಿನ್ನದವರು ಸುಟ್ಟ ಜೋಳ, ಚಿಪ್ಸ್‌ಗಳಲ್ಲಿ ಹೊತ್ತು ಕಳೆಯಬೇಕು. ಡೆಕ್ಸ್‌ಟರಿನಿಂದ ಡೋನಟ್ ತಂದವರು ಜಾಣರು.

ಹೊರಗಿನಿಂದ ನೋಡಿದರೆ ಕ್ರೀಡಾಂಗಣ ಅಷ್ಟೇನೂ ಎತ್ತರವಿಲ್ಲ. ಇಷ್ಟರಲ್ಲಿ ಲಕ್ಷ ಜನ ಎಲ್ಲಿ ಹಿಡಿಸುತ್ತಾರೆ ಎಂದು ಅನುಮಾನವಾಗುತ್ತದೆ. ದ್ವಾರ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಉತ್ತರ ಕಾಲ ಕೆಳಗೇ ಇದೆ. ಒಳಗೆ ಬಂದವರು ನಿಲ್ಲುವುದು ಬೋಗುಣಿಯ ಅಂಚಿನಲ್ಲಿ. ಕ್ರೀಡಾಂಗಣದ ಬಹುಪಾಲು ನೆಲ ತೋಡಿ ಕೆಳಗಿಳಿಸಿದ್ದು. ಸಾಲು ಸಾಲಾಗಿ ಕೆಳಗಿಳಿಯುವ ಬೆಂಚುಗಳು, ತಳದಲ್ಲಿ ಹಸಿರು ಅಂಗಳ. ಬೆಂಚಿನ ಮೇಲೆ ಬರೆದ ಸಂಖ್ಯೆಗಳ ನಡುವಿನ ಜಾಗ ಗೇಣುದ್ದವೆಂದರೆ ಅತಿಶಯೋಕ್ತಿ. ಆದರೆ ದಪ್ಪ ಕೋಟು ತೊಟ್ಟವರು ಪಕ್ಕದವರ ಹೆಗಲಿಗೆ ಹೆಗಲು ತಾಗಿಸದೆ ಕೂರಲಾರರು.

ಇದನ್ನು ಕಟ್ಟಿಸಿದವರು ಫೀಲ್ಡಿಂಗ್ ಯೋಸ್ಟ್. ಮೊದಲು ಕೋಚ್, ಆಮೇಲೆ ಕ್ರೀಡಾ ನಿರ್ದೇಶಕ. ಕಾಲೇಜಿನ ಆಟ ವ್ಯಾಪಾರವಾಗುತ್ತಿದೆ ಎಂದು ಅಧ್ಯಾಪಕರಲ್ಲಿ ಹಲವರು ಆಗಲೇ ಎಚ್ಚರಿಸಿದ್ದರು. ಯೋಸ್ಟ್ ಹಿಂಜರಿಯಲಿಲ್ಲ. ಬಾಂಡ್ ಮಾರಿ ಹಣ ಎತ್ತಿದರು. ಅಗೆದ ಕಡೆಯೆಲ್ಲ ಒರತೆ ನೀರು ಉಕ್ಕಿತು; ಒಂದು ಕ್ರೇನ್ ಕೆಸರಿನಲ್ಲಿ ಹೂತು ಇಂದಿಗೂ ಅಡಿಯಲ್ಲೇ ಇದೆ ಎಂದು ಊರವರು ಹೇಳುತ್ತಾರೆ. 1927ರ ಅಕ್ಟೋಬರ್ 1ರಂದು ಮೊದಲ ಪಂದ್ಯ ನಡೆದಾಗ ಶಾಶ್ವತ ಆಸನಗಳು 72,000. ಮುಂದೊಂದು ದಿನ ಲಕ್ಷ ದಾಟಬಹುದೆಂದು ಅಡಿಪಾಯವನ್ನು ಆಗಲೇ ಬಲಪಡಿಸಿದ್ದರು. ಇಂದು ಅಧಿಕೃತ ಸಂಖ್ಯೆ 1,07,601. ಕೊನೆಯ ಆ ಒಂದು ಆಸನ ಹಳೆಯ ಕೋಚ್ ಫ್ರಿಟ್ಜ್ ಕ್ರಿಸ್ಲರ್ ಅವರ ಗೌರವಕ್ಕೆ ಮೀಸಲಂತೆ. ಅದು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ. ಅಹಮದಾಬಾದಿನ 1,32,000 ಆಸನಗಳ ಕ್ರಿಕೆಟ್ ಕ್ರೀಡಾಂಗಣ ಇದಕ್ಕಿಂತ ದೊಡ್ಡದು ನಿಜ. ಆದರೆ ಅದು ತುಂಬುವುದು ದೇಶದ ತಂಡಕ್ಕೆ, ಐಪಿಎಲ್ ತಾರೆಗಳಿಗೆ. ಇಲ್ಲಿ 1975ರ ನವೆಂಬರಿನಿಂದ, ಸಾಂಕ್ರಾಮಿಕದ ಕಾರಣ ಪ್ರೇಕ್ಷಕರಿಲ್ಲದೆ ಆಡಿದ 2020ನ್ನು ಬಿಟ್ಟರೆ, ದಶಕಗಳ ಕಾಲ ಪ್ರತಿ ಪಂದ್ಯಕ್ಕೂ ಲಕ್ಷ ಮೀರಿ ಜನ ಸೇರುತ್ತಾ ಬಂದಿದ್ದಾರೆ.

ಸಂಜೆ ಏಳರ ಹೊತ್ತಿಗೆ ದೀಪಗಳು ಹೊತ್ತಿಕೊಂಡು ಅಂಗಳ ಹಗಲಿನಂತಾಗುತ್ತದೆ. ಅಂಗಳಕ್ಕಿರುವ ಒಂದೇ ಸುರಂಗದಿಂದ ಮೊದಲು ಬರುವುದು ವಿದ್ಯಾರ್ಥಿಗಳ ಬ್ಯಾಂಡ್. ನೂರಾರು ಹುಡುಗ ಹುಡುಗಿಯರು ಕಹಳೆ, ಡೋಲು ಹಿಡಿದು ಮೊಣಕಾಲೆತ್ತಿ ಓಡಿ ಬರುತ್ತಾರೆ. ಮುಂದಾಳು ಹಿಂದಕ್ಕೆ ಬಾಗಿ, ಬಾಗಿ, ಟೋಪಿಯ ತುರಾಯಿ ನೆಲಕ್ಕೆ ತಾಗಿಸಿದಾಗ ಬೋಗುಣಿಯೆಲ್ಲ ಘರ್ಜಿಸುತ್ತದೆ. ನುಡಿಸುವುದು ‘ದಿ ವಿಕ್ಟರ್ಸ್’ ಎಂಬ ರಣಗೀತೆ. 1898ರಲ್ಲಿ ಶಿಕಾಗೊಗೆ ಹೋದ ಮಿಶಿಗನ್ ತಂಡ ಶಿಕಾಗೊ ವಿಶ್ವವಿದ್ಯಾಲಯವನ್ನು 12–11ರಿಂದ ಸೋಲಿಸಿತು. ಆಟ ನೋಡಲು ಹೋಗಿದ್ದ ಲೂಯಿ ಎಲ್ಬೆಲ್ ಎಂಬ ಸಂಗೀತ ವಿದ್ಯಾರ್ಥಿಗೆ ಆ ಗೆಲುವಿನ ಹುರುಪಿನಲ್ಲಿ ಹೊಳೆದ ಧಾಟಿ ಇದು. ಅಂದು ಸೋತ ಕಾಲೇಜು ಆಟ ಬಿಟ್ಟು ಎಂಬತ್ತು ವರ್ಷಗಳ ಮೇಲಾಯಿತು. ಹಾಡು ನಿಂತಿಲ್ಲ.

ಆಟದ ರೀತಿ ಬಹಳ ತೊಡಕಿನದಲ್ಲ. ಚೆಂಡು ಎರಡೂ ತುದಿ ಚೂಪಾದದ್ದು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಒಂದು ಕಡೆ ಹನ್ನೊಂದು ಜನ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ; ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ತಡೆಯುವವರು ಬಾಚಿ ತಬ್ಬಿ ನೆಲಕ್ಕೆ ಕೆಡವಬಹುದು. ಕಬಡ್ಡಿ ಆಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಹದಿನೈದು ನಿಮಿಷದ ನಾಲ್ಕು ಭಾಗಗಳೆಂದು ಹೆಸರಿಗೆ ಒಂದು ಗಂಟೆಯ ಆಟ. ನಿಂತು ನಿಂತು, ಟಿವಿ ಜಾಹೀರಾತುಗಳಿಗೂ ಕಾದು, ಮೂರೂವರೆ ಗಂಟೆ ಹಿಡಿಯುತ್ತದೆ. ವಿದ್ಯಾರ್ಥಿಗಳ ವಿಭಾಗದಲ್ಲಿ ಅಷ್ಟು ಹೊತ್ತೂ ಯಾರೂ ಕೂರುವುದಿಲ್ಲ. ಇಲ್ಲಿ ಸೋಲೂ ನಡೆದಿದೆ. 2007ರ ಸೆಪ್ಟೆಂಬರ್ 1ರಂದು ಕೆಳಗಿನ ಶ್ರೇಣಿಯ ಅಪ್ಪಲೇಚಿಯನ್ ಸ್ಟೇಟ್ ತಂಡ ಬಂದು 34–32ರಿಂದ ಗೆದ್ದು ಹೋಯಿತು. ಲಕ್ಷ ಜನ ಮಾತಿಲ್ಲದೆ ಮೆಟ್ಟಿಲಿಳಿದ ಆ ದಿನವನ್ನು ಇಂದಿಗೂ ಹೇಳಿಕೊಳ್ಳುತ್ತಾರೆ.

ಹೆಲ್ಮೆಟ್ಟಿನೊಳಗಿನ ಹುಡುಗ

ಜಾತ್ರೆಯ ರಥ ಎಳೆಯುವವರು ಯಾರು? ಬಹುಪಾಲು 18ರಿಂದ 22ರ ವಯಸ್ಸಿನವರು, ತರಗತಿಗೆ ಹೋಗಬೇಕಾದವರು. ಋತುವಿನಲ್ಲಿ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆ ಮೀರಬಾರದೆಂದು ನಿಯಮವಿದೆ. ಪ್ರಯಾಣ, ಪೆಟ್ಟಿನ ಚಿಕಿತ್ಸೆ, ‘ಸ್ವಂತ ಇಚ್ಛೆಯ’ ವ್ಯಾಯಾಮ ಆ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲ ಸೇರಿದರೆ ದುಪ್ಪಟ್ಟಾಗುತ್ತದೆ ಎಂದು ಆಟಗಾರರೇ ಹೇಳುತ್ತಾರೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳದವರ ಪೈಕಿ ಅತಿ ಹೆಚ್ಚು ಪಡೆಯುವವನು ಫುಟ್‌ಬಾಲ್ ಕೋಚ್. ರಾಜ್ಯದ ಗವರ್ನರ್ ಅವನ ಹತ್ತಿರಕ್ಕೂ ಬರುವುದಿಲ್ಲ. ಆಡುವ ಹುಡುಗರಿಗೆ ಮಾತ್ರ ಬಹುಕಾಲ ವಿದ್ಯಾರ್ಥಿವೇತನಕ್ಕಿಂತ ಹೆಚ್ಚೇನೂ ಇರಲಿಲ್ಲ. 2021ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಆಟಗಾರರ ಪರ ತೀರ್ಪು ಕೊಟ್ಟಿತು; ಅದೇ ವರ್ಷ ಅವರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದೆಂದಾಯಿತು. 2025ರ ಜೂನಿನಲ್ಲಿ ಇನ್ನೊಂದು ಮೊಕದ್ದಮೆ ರಾಜಿಯಲ್ಲಿ ಮುಗಿದು, ಒಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರುಗಳವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಲು ದಾರಿಯಾಯಿತು. ನ್ಯಾಯ ತಡವಾಗಿ ಬಂತು. ಹಣದ ಜೊತೆಗೆ ಪ್ರತಿ ವರ್ಷ ಕಾಲೇಜು ಬದಲಿಸುವ ಚಾಳಿಯೂ ಬಂತು. ಪದವಿ ಮುಗಿಸುವುದು ಹೇಗೆ ಎಂಬ ಚಿಂತೆ ಮನೆಯವರಿಗೆ.

ಏಕೆಂದರೆ ಕಾಲೇಜು ಆಟಗಾರರಲ್ಲಿ ವೃತ್ತಿಪರ ತಂಡ ಸೇರುವವರು ನೂರಕ್ಕೆ ಇಬ್ಬರೂ ಇಲ್ಲ. ಉಳಿದವರ ಬದುಕಿಗೆ ಆಧಾರ ಪದವಿಯೇ. ಜೊತೆಗೆ ಒಯ್ಯುವುದು ಮಂಡಿಯ ನೋವು, ಕೆಲವರು ಅದಕ್ಕೂ ಹೆಚ್ಚಿನದು. 1905ರಲ್ಲಿ ಒಂದೇ ವರ್ಷ ಹದಿನೆಂಟಕ್ಕೂ ಕಡಿಮೆಯಿಲ್ಲದಷ್ಟು ಹುಡುಗರು ಈ ಆಟದಲ್ಲಿ ಸತ್ತಾಗ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ತಿದ್ದಿಕೊಳ್ಳಲು ಹೇಳಿದ್ದರು. ಮುಂದಿನ ವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂದು ಆಟ ಚದುರಿತು, ಸಾವು ಇಳಿಯಿತು. ಈಗಿನ ಭಯ ಮಿದುಳಿನದು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು, ತೀರಿಕೊಂಡ ಆಟಗಾರರ ಮನೆಯವರು ದಾನವಿತ್ತ ಮಿದುಳುಗಳನ್ನು ಪರೀಕ್ಷಿಸಿದರು. ಕಾಲೇಜು ಮಟ್ಟದವರೆಗೆ ಆಡಿದ್ದ 53 ಜನರಲ್ಲಿ 48 ಜನರ ಮಿದುಳಿನಲ್ಲಿ ಪದೇ ಪದೇ ಬಿದ್ದ ಪೆಟ್ಟಿನಿಂದಾಗುವ ಸಿಟಿಇ ರೋಗದ ಗುರುತುಗಳಿದ್ದವು. ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ದಾನ ಮಾಡಿರುವುದರಿಂದ ಎಲ್ಲ ಆಟಗಾರರಿಗೂ ಇದೇ ಲೆಕ್ಕ ಹಿಡಿಯುವಂತಿಲ್ಲ. ಆದರೂ ಮಗನನ್ನು ಈ ಆಟಕ್ಕೆ ಕಳಿಸುವ ತಾಯಿಗೆ ನಿದ್ದೆಗೆಡಿಸಲು ಇಷ್ಟು ಸಾಕು.

ಆನ್ ಆರ್ಬರಿನಲ್ಲಿ ಹಿರಿಯರು ಮಕ್ಕಳಿಗೆ ಹೇಳಬಹುದಾದ ಹೆಸರು ಜೆರಾಲ್ಡ್ ಫೋರ್ಡ್. 1930ರ ದಶಕದ ಆರಂಭದಲ್ಲಿ ಇಲ್ಲಿ ಓದುತ್ತಿದ್ದ ಈ ಹುಡುಗ ಊಟ ಬಡಿಸಿ, ಪಾತ್ರೆ ತೊಳೆದು ಖರ್ಚು ನಿಭಾಯಿಸುತ್ತಿದ್ದ. ತಂಡದ ನಡುವಿನ ಸ್ಥಾನ, ಅಂಗಿಯ ಮೇಲೆ 48. ಆತನ ಗೆಳೆಯ ವಿಲಿಸ್ ವಾರ್ಡ್ ತಂಡದಲ್ಲಿದ್ದ ಕರಿಯ ಆಟಗಾರ. 1934ರ ಅಕ್ಟೋಬರಿನಲ್ಲಿ ಜಾರ್ಜಿಯಾದಿಂದ ಬಂದ ತಂಡ, ವಾರ್ಡ್ ಅಂಗಳಕ್ಕಿಳಿದರೆ ತಾವು ಆಡುವುದಿಲ್ಲ ಎಂದಿತು. ಮಿಶಿಗನ್‌ನವರು ತಲೆಬಾಗಿದರು; ಇದೇ ಕ್ರೀಡಾಂಗಣದ ಪಂದ್ಯದಿಂದ ವಾರ್ಡ್ ಹೊರಗುಳಿಯಬೇಕಾಯಿತು. ಫೋರ್ಡ್ ಪ್ರತಿಭಟಿಸಿದ, ಕೊನೆಗೆ ಗೆಳೆಯನ ಮಾತಿಗೆ ಒಪ್ಪಿ ಆಡಿದ. ಆ ವರ್ಷ ತಂಡ ಗೆದ್ದದ್ದು ಅದೊಂದೇ ಪಂದ್ಯ. ಓದು ಮುಗಿದಾಗ ಎರಡು ವೃತ್ತಿಪರ ತಂಡಗಳು ಕರೆದರೂ ಹೋಗದೆ, ಯೇಲ್ ವಿಶ್ವವಿದ್ಯಾಲಯದಲ್ಲಿ ತರಬೇತಿಯ ಕೆಲಸ ಹಿಡಿದು ಕಾನೂನು ಓದಿದ. 1974ರಲ್ಲಿ ಅಮೆರಿಕದ ಅಧ್ಯಕ್ಷನಾದ. ವಾರ್ಡ್ ವಕೀಲನಾಗಿ, ನ್ಯಾಯಾಧೀಶನಾದ. 65 ವರ್ಷಗಳ ನಂತರ, 1999ರಲ್ಲಿ, ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಎಲ್ಲ ಜನಾಂಗಗಳಿಗೂ ಅವಕಾಶ ಸಿಗಬೇಕೆಂದು ಪತ್ರಿಕೆಗೆ ಬರೆದ ಲೇಖನದಲ್ಲಿ ಫೋರ್ಡ್ ಅಂದಿನ ಅನ್ಯಾಯವನ್ನು ನೆನೆದರು.

ಪಂದ್ಯ ಮುಗಿಯುವಾಗ ರಾತ್ರಿ ಹನ್ನೊಂದು. ಸುರಂಗದಾಚೆ, ಜನಜಂಗುಳಿಯಿಂದ ದೂರದಲ್ಲಿ ಒಂದು ಗುಂಪು ಚಳಿಯಲ್ಲಿ ಕಾದು ನಿಂತಿರುತ್ತದೆ. ಆಟಗಾರರ ಮನೆಯವರು. ತಾಯಂದಿರು ಮಗನ ಸಂಖ್ಯೆಯಿರುವ ಅಂಗಿಯನ್ನೇ ಕೋಟಿನ ಮೇಲೆ ತೊಟ್ಟಿರುತ್ತಾರೆ. ಹುಡುಗರು ಸ್ನಾನ ಮುಗಿಸಿ ಒಬ್ಬೊಬ್ಬರಾಗಿ ಹೊರಬರುತ್ತಾರೆ. ಹೆಲ್ಮೆಟ್ ತೆಗೆದ ಮೇಲೆ ಮುಖ ಎಳೆಯದು. ಅಂಕ ಎಷ್ಟೆಂದು ಅಲ್ಲಿ ಯಾರೂ ಮಾತಾಡುವುದಿಲ್ಲ. ಮಗ ಹೆಜ್ಜೆ ಹೇಗೆ ಇಡುತ್ತಿದ್ದಾನೆ, ಕತ್ತು ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡುತ್ತಾರೆ.

ಎದುರಿನ ಶಾಲೆಯ ಅಂಗಳದಿಂದ ಕಾರುಗಳು ಹೊರಬೀಳಲು ಒಂದು ಗಂಟೆ ಹಿಡಿಯುತ್ತದೆ. ಮಗಳನ್ನು ವಿದ್ಯಾರ್ಥಿನಿಲಯದ ಬಾಗಿಲಿಗೆ ಬಿಟ್ಟು, ಸೋಮವಾರ ಪರೀಕ್ಷೆ ಇದೆಯಲ್ಲ ಎಂದು ನೆನಪಿಸಿ, ಪಶ್ಚಿಮಕ್ಕೆ ತಿರುಗಿದವರಿಗೆ ಎಕ್ಸಿಟ್‌ಗಳ ಸಂಖ್ಯೆ ಈಗ ಇಳಿಯುತ್ತಾ ಬರುತ್ತದೆ. ಗಡಿಯಲ್ಲಿ ಬೆಳಿಗ್ಗೆ ಕಳೆದುಕೊಂಡ ಒಂದು ಗಂಟೆ ಮರಳಿ ಸಿಗುತ್ತದೆ.